ಎಣ್ಣೆ ಹೆಚ್ಚು ಹಾಕಿದಷ್ಟೂ ಗೇರ್‌ಬಾಕ್ಸ್ ಬಿಸಿಯೇರುವುದೇಕೆ?

ಪ್ರಶ್ನೆ: ನಾನು ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ನಾವು ಮಾಡಿಕೊಟ್ಟ ಒಂದು ಗೇರ್‌ಬಾಕ್ಸಿನಲ್ಲಿ 150 ಮಿ.ಮೀ. ವ್ಯಾಸದ ಗೇರು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದು ವಿಪರೀತ ಬಿಸಿಯಾಗುತ್ತಿದ್ದುದರಿಂದ ಎಣ್ಣೆಯ ಮಟ್ಟ ಏರಿಸಿದೆವು. ಬಿಸಿ ಇಳಿಯುವ ಬದಲು ಮತ್ತಷ್ಟು ಹೆಚ್ಚಿತು. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಕತ್ತರಿಸಿ ಒಳಭಾಗ ತೋರಿಸಿದ್ದ ಒಂದು ಜೆಟ್ ಎಂಜಿನ್ ನೋಡಿದೆ. ಅದರ ಬೇರಿಂಗುಗಳಿಗೆ ಸೂಜಿಯ ಮೊನೆಯಂಥ ರಂಧ್ರಗಳಿಂದ ಎಣ್ಣೆ ಚಿಮ್ಮಿಸುತ್ತಾರಂತೆ. ಅಷ್ಟು ವೇಗದ ಯಂತ್ರಕ್ಕೆ ಅಷ್ಟು ಸಣ್ಣ ಧಾರೆ ಹೇಗೆ ಸಾಕಾಗುತ್ತದೆ? ನಮ್ಮ ಗ್ರೈಂಡಿಂಗ್ ಯಂತ್ರದಲ್ಲಿ ಕೂಲಂಟ್ (ತಂಪು ಮಾಡುವ ದ್ರವ) ಧಾರಾಳವಾಗಿ ಸುರಿಯುತ್ತಿದ್ದರೂ ಜಾಬ್ (ಉಜ್ಜುತ್ತಿರುವ ಬಿಡಿಭಾಗ) ಮೇಲೆ ಸುಟ್ಟ ಕಲೆ ಬೀಳುತ್ತದೆ. ಇವುಗಳಿಗೆ ಪರಸ್ಪರ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ. ಮೂರೂ ಕಡೆ ಕೇಳಬೇಕಾದ ಪ್ರಶ್ನೆಗಳು ಎರಡೇ: ದ್ರವವು ಬೇಕಾದ ಜಾಗವನ್ನು ತಲುಪುತ್ತಿದೆಯೇ, ಮತ್ತು ತಲುಪಿದ ಮೇಲೆ ಅಲ್ಲಿಂದ ಹೊರಡುತ್ತಿದೆಯೇ. ಪೆಟ್ಟಿಗೆಯಲ್ಲಿ ಎಷ್ಟು ಎಣ್ಣೆಯಿದೆ ಎಂಬುದು ಇವೆರಡರಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ.

ಮೊದಲು ಎಣ್ಣೆಯ ಕೆಲಸವನ್ನು ಎರಡಾಗಿ ಬಿಡಿಸಿ ನೋಡೋಣ. ಒಂದು, ಲೋಹ ಲೋಹಕ್ಕೆ ತಾಗದಂತೆ ನಡುವೆ ಪದರವಾಗಿ ನಿಲ್ಲುವುದು. ಇನ್ನೊಂದು, ಅಲ್ಲಿ ಹುಟ್ಟಿದ ಬಿಸಿಯನ್ನು ಹೊತ್ತೊಯ್ಯುವುದು. ಮೊದಲನೆಯದರ ಶಕ್ತಿ ಜಗತ್ತಿಗೆ ತಿಳಿದದ್ದು ಒಂದು ಆಕಸ್ಮಿಕದಿಂದ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಚಾಂಪ್ ಟವರ್ ಎಂಬ ಎಂಜಿನಿಯರ್ ರೈಲ್ವೆ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದಾಗ, ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆಸಿದರು. ಅಚ್ಚು ತಿರುಗತೊಡಗಿದಾಗ ಆ ರಂಧ್ರದಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಬಿರಡೆ ಜಡಿದರು, ಅದನ್ನೂ ಎಣ್ಣೆ ಹೊರದಬ್ಬಿತು. ತಿರುಗುವ ಅಚ್ಚು ತನ್ನೊಂದಿಗೆ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ದು ತಾನೇ ಒತ್ತಡ ಹುಟ್ಟಿಸಿಕೊಂಡು ಭಾರವನ್ನು ಎತ್ತಿಹಿಡಿಯುತ್ತದೆ ಎಂಬುದನ್ನು 1886ರಲ್ಲಿ ಬ್ರಿಟಿಷ್ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಲ್ಲಿ ಬರೆದು ತೋರಿಸಿದರು. ಇಂದಿಗೂ ಬೇರಿಂಗ್ ವಿನ್ಯಾಸ ಮಾಡುವವರು ಹಿಡಿಯುವುದು ಅದೇ ಸಮೀಕರಣವನ್ನು.

ಗೇರಿನ ಹಲ್ಲುಗಳ ನಡುವೆ ಅಥವಾ ಬಾಲ್ ಬೇರಿಂಗಿನ ಗುಂಡಿನ ಕೆಳಗೆ ಈ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸಿನಲ್ಲಿ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಮಾತ್ರ ಇರುತ್ತದೆ. ಅದನ್ನು ತುಂಬಲು ಕೆಲವು ಹನಿಗಳು ಸಾಕು. ನಿಮ್ಮ ಸುತ್ತಮುತ್ತಲಿನ ವರ್ಕ್‌ಶಾಪುಗಳಲ್ಲೇ ಅತಿವೇಗದ ಮಿಲ್ಲಿಂಗ್ ಸ್ಪಿಂಡಲ್‌ಗಳಿರಬಹುದು. ಅವುಗಳಲ್ಲಿ ಅನೇಕಕ್ಕೆ ಗಾಳಿಯೊಡನೆ ಆಗೊಂದು ಈಗೊಂದು ಹನಿ ಎಣ್ಣೆ ಕಳುಹಿಸುವ ವ್ಯವಸ್ಥೆ ಇರುತ್ತದೆ, ಅಷ್ಟರಿಂದಲೇ ಅವು ವರ್ಷಗಟ್ಟಲೆ ಓಡುತ್ತವೆ. ಹಾಗಾದರೆ ಲೀಟರುಗಟ್ಟಲೆ ಎಣ್ಣೆ ಹರಿಸುವುದು ಯಾವುದಕ್ಕೆ? ಅದರ ಬಹುಪಾಲು ಎರಡನೆಯ ಕೆಲಸಕ್ಕೆ, ಬಿಸಿಯನ್ನು ಹೊರಗೆ ಸಾಗಿಸುವುದಕ್ಕೆ. ಹೊರಗೆ ಸಾಗದ ಎಣ್ಣೆ ಆ ಕೆಲಸವನ್ನು ಮಾಡುತ್ತಿಲ್ಲವೆಂದೇ ಅರ್ಥ.

ಈಗ ನಿಮ್ಮ ಗೇರಿಗೆ ಬರೋಣ. 150 ಮಿ.ಮೀ. ವ್ಯಾಸ, ಸೆಕೆಂಡಿಗೆ 50 ಸುತ್ತು. ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 23.5 ಮೀಟರ್ ಆಯಿತು. ಗೇರನ್ನು ಎಣ್ಣೆಯಲ್ಲಿ ಮುಳುಗಿಸಿ ಓಡಿಸುವ ಕ್ರಮವು ಸಾಮಾನ್ಯವಾಗಿ ಸೆಕೆಂಡಿಗೆ 12ರಿಂದ 15 ಮೀಟರ್‌ವರೆಗೆ ಸರಿ ಎಂಬುದು ಗೇರ್ ಎಂಜಿನಿಯರುಗಳ ಹಳೆಯ ರೂಢಿ. ನೀವು ಆ ಗಡಿಯನ್ನು ಬಹಳ ಹಿಂದೆಯೇ ದಾಟಿದ್ದೀರಿ. ಅಲ್ಲಿಂದಾಚೆ ಹಲ್ಲುಗಳು ಎಣ್ಣೆಯಲ್ಲಿ ಅದ್ದಿಕೊಂಡು ಬರುವುದಿಲ್ಲ, ಮೊಸರು ಕಡೆದಂತೆ ಎಣ್ಣೆಯನ್ನು ಕಡೆಯುತ್ತವೆ. ಕಡೆಯಲು ತಗಲುವ ಶಕ್ತಿ ವೇಗದೊಡನೆ ಬಲು ಕಡಿದಾಗಿ, ಹೆಚ್ಚುಕಡಿಮೆ ಘನದ ಪ್ರಮಾಣದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ನಷ್ಟ ಎಂಟರಷ್ಟರ ಹತ್ತಿರ ಹೋಗುತ್ತದೆ. ಮೋಟಾರಿನಿಂದ ಬಂದ ಆ ಶಕ್ತಿ ಬೇರೆಲ್ಲಿಗೂ ಹೋಗುವುದಿಲ್ಲ, ಎಣ್ಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ನೀವು ಮಟ್ಟ ಏರಿಸಿದಾಗ ಹಲ್ಲುಗಳು ಇನ್ನೂ ಆಳಕ್ಕೆ ಮುಳುಗಿದವು, ಕಡೆತ ಹೆಚ್ಚಿತು, ಬಿಸಿ ಏರಿತು. ಇದರೊಡನೆ ಗಾಳಿ ಬೆರೆತು ನೊರೆಯೂ ಎದ್ದಿರುತ್ತದೆ. ನೊರೆಗಟ್ಟಿದ ಎಣ್ಣೆ ಬಿಸಿಯನ್ನು ಸರಿಯಾಗಿ ಒಯ್ಯುವುದಿಲ್ಲ, ಪದರವನ್ನೂ ಗಟ್ಟಿಯಾಗಿ ಕಟ್ಟುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಧಾರೆ. ಅದರ ಲೆಕ್ಕ ಸರಳವಾದದ್ದು, ಮತ್ತು ಮೊದಲ ಸಲ ಮಾಡಿದಾಗ ಯಾರಿಗಾದರೂ ಆಶ್ಚರ್ಯವಾಗುವಂಥದ್ದು. ವಿಮಾನದ ಎಣ್ಣೆಯನ್ನು 3 ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ಒತ್ತಡದಲ್ಲಿ 1 ಮಿ.ಮೀ. ರಂಧ್ರದಿಂದ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಹೊರಬರುತ್ತದೆ. ರಂಧ್ರದ ಬಾಯಲ್ಲಾಗುವ ನಷ್ಟವನ್ನು ಕಳೆದರೂ ನಿಮಿಷಕ್ಕೆ ಒಂದು ಲೀಟರಿನ ಹತ್ತಿರ ಹರಿಯುತ್ತದೆ. ಅಷ್ಟು ಎಣ್ಣೆ ಒಳಗೆ ಹೋಗಿ 50 ಡಿಗ್ರಿ ಬಿಸಿಯೇರಿ ಹೊರಬಂದರೆ ಅದು ಹೊತ್ತು ತರುವ ಶಾಖ ಸುಮಾರು ಒಂದೂವರೆ ಕಿಲೋವಾಟ್, ಎಂದರೆ ಮನೆಯ ಒಂದು ನೀರು ಕಾಯಿಸುವ ಕಾಯಿಲ್‌ನಷ್ಟು. ನೀವು ನೋಡಿದ ಸೂಜಿಮೊನೆಯ ರಂಧ್ರ ಮಾಡುವ ಕೆಲಸ ಇದು. ಮಧ್ಯಮ ಗಾತ್ರದ ಪ್ರಯಾಣಿಕ ವಿಮಾನದ ಒಂದು ಎಂಜಿನ್ನಿನ ಎಣ್ಣೆ ಟ್ಯಾಂಕಿನಲ್ಲಿ ಸುಮಾರು 20 ಲೀಟರ್ ಮಾತ್ರ ಇರುತ್ತದೆ. ಅದೇ ಎಣ್ಣೆ ತಂಪಾಗಿ ಬಂದು, ಬಿಸಿಯಾಗಿ ಮರಳಿ, ಮತ್ತೆ ತಂಪಾಗಿ ಸುತ್ತುತ್ತಲೇ ಇರುತ್ತದೆ.

ಆದರೆ ಧಾರೆ ಬಿಟ್ಟ ಮಾತ್ರಕ್ಕೆ ಅದು ತಲುಪಿತೆಂದು ತಿಳಿಯಬಾರದು. ಸಂಶೋಧಕರು ದಶಕಗಳ ಕಾಲ ತಲೆ ಕೆಡಿಸಿಕೊಂಡಿರುವುದು ಇಲ್ಲಿಯೇ. 100 ಮಿ.ಮೀ. ವ್ಯಾಸದ, 30 ಹಲ್ಲಿನ ಗೇರು ನಿಮಿಷಕ್ಕೆ 20,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಪ್ರತಿ ಸೆಕೆಂಡಿಗೆ 10,000 ಹಲ್ಲುಗಳು ಧಾರೆಯ ಮುಂದೆ ಹಾದುಹೋಗುತ್ತವೆ. ಒಂದು ಹಲ್ಲು ಹೋಗಿ ಮತ್ತೊಂದು ಬರುವ ಆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಲ್ಲಿ, 25 ಮೀಟರ್ ವೇಗದ ಧಾರೆ ಮುಂದೆ ಸಾಗುವುದು ಎರಡೂವರೆ ಮಿಲಿಮೀಟರ್ ಮಾತ್ರ; ಹಲ್ಲಿನ ಆಳವೋ ಏಳು ಮಿಲಿಮೀಟರಿಗೂ ಮೀರಿದ್ದು. ಅಷ್ಟರಲ್ಲಿ ಮುಂದಿನ ಹಲ್ಲು ಬಂದು ಧಾರೆಯನ್ನು ಕತ್ತರಿಸಿಬಿಡುತ್ತದೆ. ಹಲ್ಲಿನ ತುದಿ ನೆನೆಯುತ್ತದೆ, ಬುಡ ಒಣಗಿಯೇ ಉಳಿಯುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿರುವ ನಾಸಾದ ಲೂಯಿಸ್ (1999ರಿಂದ ಗ್ಲೆನ್) ಸಂಶೋಧನಾ ಕೇಂದ್ರದಲ್ಲಿ ಡೆನ್ನಿಸ್ ಟೌನ್ಸೆಂಡ್ ಮತ್ತು ಲೀ ಏಕಿನ್ 1970ರ ದಶಕದಲ್ಲಿ ಅತಿವೇಗದ ಕ್ಯಾಮೆರಾ ಹಿಡಿದು ಅಧ್ಯಯನ ಮಾಡಿದ್ದು ಇದನ್ನೇ: ಧಾರೆ ಹಲ್ಲಿನ ಮೇಲೆ ಎಷ್ಟು ಆಳಕ್ಕೆ ಬೀಳುತ್ತದೆ, ಅದು ಒತ್ತಡವನ್ನೂ ಧಾರೆಯ ಕೋನವನ್ನೂ ಹೇಗೆ ಅವಲಂಬಿಸಿದೆ ಎಂಬುದನ್ನು. ಧಾರೆಯ ವೇಗ ಒತ್ತಡದ ವರ್ಗಮೂಲದಂತೆ ಏರುವುದರಿಂದ, ಎರಡರಷ್ಟು ಆಳಕ್ಕೆ ತಲುಪಬೇಕಾದರೆ ನಾಲ್ಕರಷ್ಟು ಒತ್ತಡ ಬೇಕಾಗುತ್ತದೆ.

ಧಾರೆಯನ್ನು ಎಲ್ಲಿ ಬೀಳಿಸಬೇಕು ಎಂಬುದು ಅಷ್ಟೇ ಮುಖ್ಯ. ಹಲ್ಲುಗಳು ಒಂದರೊಳಗೊಂದು ಕೂಡಿಕೊಳ್ಳುವ ಕಡೆಯಲ್ಲಿ ಎಣ್ಣೆ ಸುರಿಯುವುದು ಸಹಜವೆಂದು ತೋರುತ್ತದೆ, ಏಕೆಂದರೆ ಪದರ ಬೇಕಾಗಿರುವುದು ಅಲ್ಲಿ. ಆದರೆ ವೇಗ ಹೆಚ್ಚಿದಾಗ, ಅಲ್ಲಿ ಹೆಚ್ಚಾಗಿ ಬಿದ್ದ ಎಣ್ಣೆ ಕೂಡುವ ಹಲ್ಲುಗಳ ನಡುವೆ ಸಿಕ್ಕಿಬಿದ್ದು, ಹಿಂಡಿದಂತೆ ಪಕ್ಕಕ್ಕೆ ಚಿಮ್ಮುತ್ತದೆ. ಆ ಹಿಂಡುವಿಕೆಯೂ ಶಕ್ತಿಯನ್ನು ತಿಂದು ಬಿಸಿ ಮಾಡುತ್ತದೆ. ಹಲ್ಲುಗಳು ಬಿಟ್ಟುಕೊಳ್ಳುವ ಕಡೆಯಲ್ಲಿ, ಆಗಷ್ಟೇ ಬಿಸಿಯಾದ ಮೈಯ ಮೇಲೆ ಬಿದ್ದ ಎಣ್ಣೆ ಬಿಸಿ ಒಳಕ್ಕೆ ಇಳಿಯುವ ಮೊದಲೇ ಅದನ್ನು ಹೊತ್ತು ಹೊರಗೆ ಹಾರುತ್ತದೆ. ಆದ್ದರಿಂದ ವೇಗದ ಗೇರುಗಳಲ್ಲಿ ಎಣ್ಣೆಯ ದೊಡ್ಡ ಪಾಲನ್ನು ಬಿಟ್ಟುಕೊಳ್ಳುವ ಕಡೆಗೂ ಚಿಕ್ಕ ಪಾಲನ್ನು ಕೂಡುವ ಕಡೆಗೂ ಕೊಡುವ ಪದ್ಧತಿ ಬಂದಿದೆ. ನನ್ನ ಕೆಲಸದ ಅವಧಿಯಲ್ಲಿ ಕಂಡ ಎಷ್ಟೋ ಗೇರ್‌ಬಾಕ್ಸುಗಳಲ್ಲಿ ಇದನ್ನು ತಿರುವುಮುರುವಾಗಿ ಮಾಡಿದ್ದರು, ಮತ್ತು ನಾಝಲ್‌ಗಳನ್ನು (ಧಾರೆ ಬಿಡುವ ಕಿರುಬಾಯಿಗಳನ್ನು) ಅದಲುಬದಲು ಮಾಡಿದ್ದರಿಂದಲೇ ಬಿಸಿ ಇಳಿದದ್ದನ್ನೂ ಕಂಡಿದ್ದೇನೆ.

ಬೇರಿಂಗುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅವುಗಳ ವೇಗವನ್ನು ಅಳೆಯಲು ಶಾಫ್ಟ್ ಕೂರುವ ನಡುರಂಧ್ರದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ನಿಮಿಷದ ಸುತ್ತುಗಳಿಂದ ಗುಣಿಸುತ್ತಾರೆ. ಇದಕ್ಕೆ ಡಿಎನ್ ಸಂಖ್ಯೆ ಎನ್ನುತ್ತಾರೆ. ಜೆಟ್ ಎಂಜಿನ್ನಿನ ಮುಖ್ಯ ಶಾಫ್ಟಿನಲ್ಲಿ ಅದು ಇಪ್ಪತ್ತು ಲಕ್ಷವನ್ನು ಮುಟ್ಟಬಹುದು. ಆ ವೇಗದಲ್ಲಿ ತಿರುಗುವ ಗುಂಡುಗಳೂ ಅವನ್ನು ಹಿಡಿದಿಡುವ ಪಂಜರವೂ ತಮ್ಮ ಸುತ್ತ ಎಂಥ ಗಾಳಿಯ ಸುಳಿಯನ್ನು ಎಬ್ಬಿಸುತ್ತವೆ ಎಂದರೆ, ಪಕ್ಕದಿಂದ ಹೊಡೆದ ಧಾರೆ ದಾರಿತಪ್ಪಿ ಹೊರಗೆ ಚದುರಿಹೋಗುತ್ತದೆ. ಒತ್ತಡ ಹೆಚ್ಚಿಸಿ ಜಗಳಕ್ಕೆ ನಿಲ್ಲುವ ಬದಲು ಎಂಜಿನಿಯರುಗಳು ಗಾಳಿಯನ್ನು ತಪ್ಪಿಸಿ ಸುತ್ತುದಾರಿ ಹಿಡಿದರು. ಧಾರೆಯನ್ನು ಶಾಫ್ಟಿನ ಬದಿಯ ತೋಡಿನೊಳಗೆ ಬೀಳಿಸಿ, ಬೇರಿಂಗಿನ ಒಳ ಉಂಗುರದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಬಿಟ್ಟರೆ, ಕೇಂದ್ರಾಪಗಾಮಿ ಬಲವೇ ಎಣ್ಣೆಯನ್ನು ಉಂಗುರದ ಕೆಳಗಿನಿಂದ ಗುಂಡುಗಳ ಬುಡಕ್ಕೆ ತಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಧಾರೆ ಸೋಲುತ್ತಿದ್ದ ಜಾಗದಲ್ಲಿ, ಈಗ ವೇಗ ಹೆಚ್ಚಿದಷ್ಟೂ ಎಣ್ಣೆ ಚೆನ್ನಾಗಿ ತಲುಪುತ್ತದೆ. ಇದೇ ನಾಸಾ ಕೇಂದ್ರದ ಪರೀಕ್ಷೆಗಳಲ್ಲಿ 120 ಮಿ.ಮೀ. ಬೇರಿಂಗುಗಳನ್ನು ನಿಮಿಷಕ್ಕೆ 25,000 ಸುತ್ತಿನಲ್ಲಿ, ಎಂದರೆ ಮೂವತ್ತು ಲಕ್ಷ ಡಿಎನ್‌ನಲ್ಲಿ ಓಡಿಸಿ ತೋರಿಸಿದ್ದು ಈ ಉಪಾಯದಿಂದ. ಎಣ್ಣೆಯ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ವಿನ್ಯಾಸ ಇದು.

ಧಾರೆಗೆ ತನ್ನದೇ ಆದ ಒಂದು ದೌರ್ಬಲ್ಯವೂ ಇದೆ: ಅದು ದಾರದಂತೆ ಬಹಳ ದೂರ ಉಳಿಯುವುದಿಲ್ಲ. ನಲ್ಲಿಯಿಂದ ಸಣ್ಣಗೆ ಬೀಳುವ ನೀರು ಸ್ವಲ್ಪ ಕೆಳಗೆ ಹನಿಗಳಾಗಿ ಒಡೆಯುವುದನ್ನು ನೀವು ನೋಡಿದ್ದೀರಿ. ಅದಕ್ಕೆ ಮೇಲ್ಮೈ ಸೆಳೆತವೇ ಕಾರಣವೆಂದು ಬೆಲ್ಜಿಯಂನ ಭೌತವಿಜ್ಞಾನಿ ಪ್ಲಾಟೋ ತೋರಿಸಿಕೊಟ್ಟರು. ಧಾರೆಯ ವ್ಯಾಸದ ಸುಮಾರು ನಾಲ್ಕೂವರೆ ಪಟ್ಟು ಉದ್ದದ ಅಲೆಗಳೇ ಎಲ್ಲಕ್ಕಿಂತ ಬೇಗ ಬೆಳೆದು ಅದನ್ನು ತುಂಡರಿಸುತ್ತವೆ ಎಂದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1870ರ ದಶಕದ ಕೊನೆಯಲ್ಲಿ ಲೆಕ್ಕ ಹಾಕಿದರು. ಎಣ್ಣೆಯ ಸ್ನಿಗ್ಧತೆ ಈ ಒಡಕನ್ನು ತಡಮಾಡುತ್ತದೆ. ಆದರೆ ಸ್ನಿಗ್ಧತೆ ತಾನೇ ಒಂದೆಡೆ ನಿಲ್ಲುವುದಿಲ್ಲ. ವಿಮಾನ ಎಂಜಿನ್ನುಗಳಲ್ಲಿ ಬಹಳ ಬಳಕೆಯಲ್ಲಿರುವ ಎಸ್ಟರ್ ಎಂಬ ಕೃತಕ ಎಣ್ಣೆಯ ಅಮೆರಿಕನ್ ಸೇನಾ ಮಾನದಂಡವನ್ನು ನೋಡಿ: 100 ಡಿಗ್ರಿಯಲ್ಲಿ ಸುಮಾರು 5 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ), ಮೈನಸ್ 40 ಡಿಗ್ರಿಯಲ್ಲಿ 13,000 ಸೆಂಟಿಸ್ಟೋಕ್ ಮೀರಬಾರದು. ಚಳಿದೇಶದ ಬೆಳಗಿನಲ್ಲಿ ಜೇನಿಗಿಂತ ಗಟ್ಟಿಯಾದದ್ದೂ ಕೆಲವೇ ನಿಮಿಷಗಳ ನಂತರ ನೀರಿನಂತೆ ಹರಿಯುವುದೂ ಅದೇ ರಂಧ್ರದಿಂದಲೇ ಹೋಗಬೇಕು. ನಾಝಲನ್ನು ಆದಷ್ಟು ಹತ್ತಿರ ಇಡಬೇಕೆನ್ನುವುದು ಇದಕ್ಕೇ. (ಎಣ್ಣೆಯ ಆಯ್ಕೆ ವಿಮಾನದಷ್ಟೇ ಹಳೆಯ ಸಮಸ್ಯೆ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನುಗಳಲ್ಲಿ ಪೆಟ್ರೋಲಿನ ಆವಿ ಎಂಜಿನ್ನಿನ ಒಡಲಿನ ಮೂಲಕವೇ ಹಾಯುತ್ತಿದ್ದುದರಿಂದ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ನಮ್ಮ ಹರಳೆಣ್ಣೆಯನ್ನೇ ಬಳಸುತ್ತಿದ್ದರು.)

ಇನ್ನು ಎಣ್ಣೆ ಅಲ್ಲಿಂದ ಹೊರಡುವ ವಿಚಾರ. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೆಟ್ ಎಂಜಿನ್ನಿನಲ್ಲಿ ಎಣ್ಣೆಯನ್ನು ಮರಳಿ ಎಳೆಯುವ ಸ್ಕ್ಯಾವೆಂಜ್ ಪಂಪುಗಳ ಒಟ್ಟು ಸಾಮರ್ಥ್ಯ, ಎಣ್ಣೆ ಕಳುಹಿಸುವ ಪಂಪಿಗಿಂತ ಎರಡರಷ್ಟೋ ಅದಕ್ಕೂ ಹೆಚ್ಚೋ ಇರುತ್ತದೆ, ಏಕೆಂದರೆ ಹೋದ ಎಣ್ಣೆ ಗಾಳಿಯೊಡನೆ ಬೆರೆತು ಉಬ್ಬಿ ಬರುತ್ತದೆ. ಬೇರಿಂಗಿನ ಕೋಣೆಯಲ್ಲಿ ಎಣ್ಣೆ ಒಂದಿಷ್ಟು ಹೊತ್ತು ಉಳಿದುಬಿಟ್ಟರೆ ಬಿಸಿ ಗೋಡೆಗಂಟಿ ಕಪ್ಪಗೆ ಕರಕಲಾಗುತ್ತದೆ, ಆ ಕರಕಲು ರಂಧ್ರಗಳನ್ನೇ ಮುಚ್ಚುತ್ತದೆ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಮತ್ತು ಜರ್ಮನಿಯ ಕಾರ್ಲ್ಸ್‌ರೂಹೆ ವಿಶ್ವವಿದ್ಯಾಲಯಗಳ ತಂಡಗಳು ವರ್ಷಗಳಿಂದ ಈ ಕೋಣೆಯೊಳಗೆ ಎಣ್ಣೆ ಪದರವಾಗಿ, ಹನಿಯಾಗಿ, ಮಂಜಾಗಿ ಹೇಗೆ ಓಡಾಡುತ್ತದೆ ಎಂಬುದರ ಅಧ್ಯಯನದಲ್ಲಿ ತೊಡಗಿವೆ.

ಎಣ್ಣೆ ಹೋಗಬಾರದ ಕಡೆ ಧಾರೆಯಾಗಿ ಹೋದರೆ ಏನಾಗುತ್ತದೆ ಎಂಬುದಕ್ಕೆ 2010ರ ನವೆಂಬರ್ 4ರ ಘಟನೆಯೇ ಸಾಕ್ಷಿ. ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ 32 ಎಂಬ ಎ380 ವಿಮಾನದಲ್ಲಿ 469 ಜನರಿದ್ದರು. ಅದರ ಎರಡನೆಯ ಎಂಜಿನ್ನಿನಲ್ಲಿ, ಬೇರಿಂಗಿಗೆ ಎಣ್ಣೆ ಒಯ್ಯುವ ಗಿಡ್ಡ ಕೊಳವೆಯೊಂದರ ಒಳಕೊರೆತ ತಯಾರಿಕೆಯಲ್ಲೇ ಕೇಂದ್ರ ತಪ್ಪಿತ್ತು. ಒಂದು ಬದಿಯ ಗೋಡೆ ತೆಳುವಾಗಿತ್ತು. ಅಲ್ಲಿ ಲೋಹ ದಣಿದು ಬಿರುಕು ಹುಟ್ಟಿ, ಒತ್ತಡದ ಎಣ್ಣೆ ಬಿಸಿಗಾಳಿಯ ಕೋಣೆಯೊಳಗೆ ತುಂತುರಾಗಿ ಚಿಮ್ಮಿ ಹೊತ್ತಿಕೊಂಡಿತು. ಬೆಂಕಿಯಿಂದ ಮೆತ್ತಗಾದ ಟರ್ಬೈನ್ ಡಿಸ್ಕ್ ಶಾಫ್ಟಿನಿಂದ ಕಳಚಿಕೊಂಡು ವೇಗ ಮೀರಿ ಸಿಡಿಯಿತು, ಅದರ ತುಂಡುಗಳು ರೆಕ್ಕೆಯನ್ನು ಸೀಳಿದವು. ಪೈಲಟ್‌ಗಳು ಸುಮಾರು ಎರಡು ಗಂಟೆಗಳ ನಂತರ ವಿಮಾನವನ್ನು ಸಿಂಗಪುರದಲ್ಲೇ ಇಳಿಸಿದರು, ಯಾರಿಗೂ ಗಾಯವಾಗಲಿಲ್ಲ. ಲೀಟರುಗಟ್ಟಲೆ ಎಣ್ಣೆ ಸೋರಬೇಕಾಗಿರಲಿಲ್ಲ, ತುಂತುರಾದದ್ದೇ ಸಾಕಾಯಿತು, ಏಕೆಂದರೆ ಹನಿ ಸಣ್ಣದಾದಷ್ಟೂ ಗಾಳಿಗೆ ತಾಗುವ ಮೈ ಹೆಚ್ಚು.

ಇದಕ್ಕೆ ವಿರುದ್ಧವಾದದ್ದು ಎಣ್ಣೆ ತಲುಪದೇ ಹೋಗುವುದು. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಾಚೆ ಎಸ್-92 ಹೆಲಿಕಾಪ್ಟರಿನ ಮುಖ್ಯ ಗೇರ್‌ಬಾಕ್ಸಿನ ಎಣ್ಣೆ ಫಿಲ್ಟರಿನ ಬಟ್ಟಲನ್ನು ಹಿಡಿದಿದ್ದ ಮೂರು ಟೈಟಾನಿಯಂ ಸ್ಟಡ್‌ಗಳಲ್ಲಿ (ಬೋಲ್ಟಿನಂಥ ತಿರುಪು ಕಡ್ಡಿಗಳಲ್ಲಿ) ಎರಡು ಮುರಿದು ಎಣ್ಣೆಯೆಲ್ಲ ಸೋರಿತು. ಒತ್ತಡ ಕುಸಿದ ಎಚ್ಚರಿಕೆ ಬಂದ ಸುಮಾರು ಹನ್ನೊಂದು ನಿಮಿಷಗಳಲ್ಲಿ ಅದು ಸಮುದ್ರಕ್ಕೆ ಬಿತ್ತು. 18 ಜನರಲ್ಲಿ 17 ಮಂದಿ ತೀರಿಕೊಂಡರು. ಎಣ್ಣೆಯಿಲ್ಲದೆ ಗೇರ್‌ಬಾಕ್ಸ್ 30 ನಿಮಿಷ ಬಾಳಬೇಕೆಂಬ ಪರೀಕ್ಷೆಯ ಕುರಿತು ನಂತರ ನಡೆದ ಗಂಭೀರ ಚರ್ಚೆಗೆ ಈ ದುರಂತವೇ ಮುಖ್ಯ ಕಾರಣ.

ಈಗ ನಿಮ್ಮ ಗ್ರೈಂಡಿಂಗ್ ಯಂತ್ರ. ವೇಗವಾಗಿ ತಿರುಗುವ ಗ್ರೈಂಡಿಂಗ್ ವೀಲ್ ತನ್ನ ಸುತ್ತ ಗಾಳಿಯ ಪದರವೊಂದನ್ನು ಹೊದ್ದುಕೊಂಡೇ ತಿರುಗುತ್ತದೆ. ನಿಧಾನವಾಗಿ ಸುರಿಯುವ ಕೂಲಂಟ್ ಆ ಪದರಕ್ಕೆ ಬಡಿದು ಪಕ್ಕಕ್ಕೆ ಹರಿದುಹೋಗುತ್ತದೆ. ಜಾಬ್ ಒದ್ದೆಯಾಗಿ ಕಾಣುತ್ತದೆ, ಕಿಡಿ ಏಳುವ ಬಿಂದು ಮಾತ್ರ ಒಣಗಿರುತ್ತದೆ. ಧಾರೆಯ ವೇಗ ವೀಲಿನ ಅಂಚಿನ ವೇಗಕ್ಕೆ ಸರಿಸಮನಾಗಿರಬೇಕು ಎಂಬುದು ಇದಕ್ಕೆ ಒಪ್ಪಿತವಾದ ನಿಯಮ. 400 ಮಿ.ಮೀ. ವೀಲ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 31 ಮೀಟರ್. ನೀರು ಬೆರೆತ ಕೂಲಂಟ್ ಆ ವೇಗ ಪಡೆಯಲು ನಾಝಲಿನ ಬಾಯಲ್ಲಿ ಸುಮಾರು 5 ಬಾರ್ ಇರಬೇಕು. 1 ಬಾರ್ ಇದ್ದರೆ ಸಿಗುವುದು 14 ಮೀಟರ್ ಮಾತ್ರ. ಬಾಯಿ ಅಗಲವಾದ ಚಪ್ಪಟೆ ಪೈಪು ಹಾಕಿದ್ದರೆ ಅದನ್ನು ಬದಲಿಸಿ, ಒಳಗೋಡೆ ನಯವಾಗಿ ಕಿರಿದಾಗುತ್ತ ಬಂದು ಹರಿತವಾದ ಅಂಚಿನಲ್ಲಿ ಮುಗಿಯುವ ನಾಝಲ್ ಹಾಕಿ. ಅಂಥದ್ದರಿಂದ ಬಂದ ಧಾರೆ ಚದುರದೆ ಹೆಚ್ಚು ದೂರ ಸಾಗುತ್ತದೆ. ಈ ಆಕಾರ ಗ್ರೈಂಡಿಂಗಿಗೆ ಬಂದದ್ದು ಬೆಂಕಿ ಆರಿಸುವ ನೀರಿನ ನಾಝಲ್‌ಗಳ ಮೇಲಿನ ಹಳೆಯ ಸಂಶೋಧನೆಯಿಂದ.

ಗೇರ್‌ಬಾಕ್ಸಿಗೆ ಸಂಬಂಧಿಸಿ, ಮೊದಲು ಎಣ್ಣೆಯ ಮಟ್ಟವನ್ನು ಗೇರು ತಾಗದಷ್ಟು ಕೆಳಗಿಳಿಸಿ, ಧಾರೆಯಿಂದಲೇ ಎಣ್ಣೆ ಕೊಡಿ. ನಿಮ್ಮ ಗೇರಿಗೆ 50 ಹಲ್ಲುಗಳಿವೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 2,500 ಹಲ್ಲುಗಳು ಹಾದುಹೋಗುತ್ತವೆ. 2 ಬಾರ್ ಒತ್ತಡದ ಧಾರೆ ಎರಡು ಹಲ್ಲುಗಳ ನಡುವಿನ ಅವಧಿಯಲ್ಲಿ ಎಂಟು ಮಿಲಿಮೀಟರ್ ಸಾಗುವುದರಿಂದ ಬುಡದವರೆಗೂ ತಲುಪುತ್ತದೆ. ಎಂದರೆ ವಿಮಾನದವರ ಕಷ್ಟ ನಿಮಗಿಲ್ಲ. ಬಿಟ್ಟುಕೊಳ್ಳುವ ಕಡೆಗೆ ಎರಡು ನಾಝಲ್, ಕೂಡುವ ಕಡೆಗೆ ಒಂದು ಸಣ್ಣದು ಸಾಕು. ಡ್ರೈನ್ ಪೈಪನ್ನು ಎಣ್ಣೆ ಬರುವ ಪೈಪಿಗಿಂತ ಹಲವು ಪಟ್ಟು ದಪ್ಪಗೆ ಮಾಡಿಸಿ, ಇಳಿಜಾರು ಕೊಡಿ. ಪೆಟ್ಟಿಗೆಯಿಂದ ಪ್ರತ್ಯೇಕವಾದ ಟ್ಯಾಂಕಿನಲ್ಲಿ ಎಣ್ಣೆ ಕೆಲವು ನಿಮಿಷವಾದರೂ ನಿಂತು ನೊರೆ ಬಿಡಬೇಕು.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ 2 ಬಾರ್ ಧಾರೆ ನಿರುಪದ್ರವಿ. ಆದರೆ ನಿಮ್ಮ ಪ್ರೆಸ್ಸುಗಳ ಹೈಡ್ರಾಲಿಕ್ ಪೈಪಿನಲ್ಲಿ 200 ಬಾರ್ ಇದ್ದರೆ, ಸೂಜಿರಂಧ್ರದಿಂದ ಸೋರುವ ಎಣ್ಣೆ ಸೆಕೆಂಡಿಗೆ 200 ಮೀಟರಿನ ವೇಗದಲ್ಲಿ ಚರ್ಮವನ್ನು ತೂರಿಕೊಂಡು ಹೋಗಬಲ್ಲದು. ಹೊರಗೆ ಕಾಣುವುದು ಸಣ್ಣ ಚುಕ್ಕೆ, ನೋವೂ ಮೊದಲಿಗೆ ಕಡಿಮೆ; ಒಳಗೆ ಮಾಂಸ ಕೊಳೆಯುತ್ತ ಹೋಗುತ್ತದೆ. ಸೋರಿಕೆಯನ್ನು ಎಂದಿಗೂ ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಯಾರಿಗಾದರೂ ಹಾಗೆ ತಗಲಿದರೆ ಎಣ್ಣೆ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಬದಲಾವಣೆ ಮಾಡಿದ ಮೇಲೆ ಎಣ್ಣೆ ಒಳಹೋಗುವ ಕಡೆಗೂ ಹೊರಬರುವ ಕಡೆಗೂ ಒಂದೊಂದು ಉಷ್ಣಮಾಪಕ ಕೂರಿಸಿ, ಬಿಸಿ ಸ್ಥಿರವಾಗುವವರೆಗೆ ಓಡಿಸಿ ನೋಡಿ. ನಿಮಿಷಕ್ಕೆ 3 ಲೀಟರ್ ಹರಿದು 15 ಡಿಗ್ರಿ ವ್ಯತ್ಯಾಸ ಕಂಡರೆ ಎಣ್ಣೆ 1.3 ಕಿಲೋವಾಟ್‌ನಷ್ಟು ಬಿಸಿಯನ್ನು ಹೊರಗೆ ತರುತ್ತಿದೆ ಎಂದು ತಿಳಿಯಿರಿ. ನಂತರ ಗೇರುಗಳ ಮೇಲೆ ಭಾರ ಹಾಕದೆ ಅದೇ ವೇಗದಲ್ಲಿ ಓಡಿಸಿ ಮತ್ತೆ ಅಳೆಯಿರಿ. ಭಾರವಿಲ್ಲದಾಗಲೂ ವ್ಯತ್ಯಾಸ ಹೆಚ್ಚೇನೂ ಇಳಿಯದಿದ್ದರೆ, ನಿಮ್ಮ ಗೇರು ಇನ್ನೂ ಎಲ್ಲೋ ಎಣ್ಣೆಯನ್ನು ಕಡೆಯುತ್ತಲೇ ಇದೆ. ಆಗ ಮೊದಲು ನೋಡಬೇಕಾದದ್ದು ಡ್ರೈನ್ ಪೈಪನ್ನು.